ಸಿ60 ಕರಗುತ್ತಾ? ಒಂದೇ ಸೂತ್ರ, ಎರಡು ಉತ್ತರ

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲೋ ಮೆಟ್ರೋದಲ್ಲೋ ಇದ್ದೀರಿ ಅಂದ್ಕೊಂಡು ನೇರವಾಗಿ ವಿಷಯಕ್ಕೆ ಬರ್ತೀನಿ.

ಘನ, ದ್ರವ, ಅನಿಲ. ಇದನ್ನ ನಾವೆಲ್ಲ ಹೈಸ್ಕೂಲಿಗೆ ಹೋಗೋ ಮೊದಲೇ ಬಾಯಿಪಾಠ ಮಾಡಿದೀವಿ. ಮಂಜುಗಡ್ಡೆ, ನೀರು, ಆವಿ. ಪ್ರತಿ ವಸ್ತುವಿಗೂ ಈ ಮೂರು ಅವಸ್ಥೆ ಇದ್ದೇ ಇರುತ್ತೆ ಅಂತ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಈಗ ಒಂದು ಪ್ರಶ್ನೆ. ದ್ರವ ಅನ್ನೋ ಅವಸ್ಥೆಯೇ ಇಲ್ಲದ ಒಂದು ಶುದ್ಧ ವಸ್ತು ಇರಬಹುದಾ? ಎಷ್ಟೇ ಕಾಯಿಸಿ, ಎಷ್ಟೇ ಒತ್ತಿ, ಅದು ಗಟ್ಟಿಯಾಗಿರುತ್ತೆ ಇಲ್ಲಾ ಅನಿಲ ಆಗಿರುತ್ತೆ, ನಡುವೆ ಏನೂ ಇಲ್ಲ.

"ಕರ್ಪೂರ ಇದೆಯಲ್ಲ" ಅಂತೀರಿ. ಹೌದು, ಕರ್ಪೂರ ಡಬ್ಬಿಯಲ್ಲಿ ಇಟ್ಟಲ್ಲೇ ಸಣ್ಣಗಾಗುತ್ತೆ, ಕರಗದೆ ನೇರವಾಗಿ ಆವಿಯಾಗುತ್ತೆ. ಆದ್ರೆ ಅದನ್ನ ಸುಮಾರು 175 ಡಿಗ್ರಿ ಸೆಲ್ಸಿಯಸ್ ದಾಟಿಸಿದ್ರೆ ಕರಗಿ ದ್ರವ ಆಗುತ್ತೆ. ಇನ್ನು ಡ್ರೈ ಐಸ್, ಅಂದ್ರೆ ಗಟ್ಟಿ ಇಂಗಾಲದ ಡೈಆಕ್ಸೈಡ್. ಮದುವೆ ಸ್ಟೇಜ್ ಮೇಲೆ ಹೊಗೆ ಬಿಡೋಕೆ ಬಳಸ್ತಾರಲ್ಲ, ಅದು. ನಮ್ಮ ಸಾಮಾನ್ಯ ಗಾಳಿಯ ಒತ್ತಡದಲ್ಲಿ ಅದಕ್ಕೆ ದ್ರವರೂಪ ಇಲ್ಲ. ಆದ್ರೆ ಒತ್ತಡ ಐದು ಪಟ್ಟು ದಾಟಿಸಿ, ದ್ರವ ಸಿಗುತ್ತೆ. ಬೆಂಕಿ ಆರಿಸೋ ಸಿಲಿಂಡರಿನೊಳಗೆ ಇರೋದು ಅದೇ. ಅಂದ್ರೆ ಇವೆರಡೂ ನಮ್ಮ ಪ್ರಶ್ನೆಗೆ ಉತ್ತರ ಅಲ್ಲ. ಯಾವ ಶಾಖದಲ್ಲೂ, ಯಾವ ಒತ್ತಡದಲ್ಲೂ ದ್ರವ ಆಗದ ವಸ್ತು ಬೇಕು.

1993ರಲ್ಲಿ ಅಂಥ ಒಂದು ವಸ್ತು ಸಿಕ್ಕಿರಬಹುದು ಅಂತ ಒಂದು ಗುಂಪು ಹೇಳಿತು. ಅದೇ ವರ್ಷ, ಹೆಚ್ಚುಕಡಿಮೆ ಅದೇ ಸಮಯಕ್ಕೆ, ಇನ್ನೊಂದು ಗುಂಪು "ಇಲ್ಲ, ಅದಕ್ಕೆ ದ್ರವರೂಪ ಇದೆ" ಅಂತ ಹೇಳಿತು. ಇಬ್ಬರೂ ಆ ವಸ್ತುವನ್ನ ಕಾಯಿಸಿ ನೋಡಿರಲಿಲ್ಲ. ಇಬ್ಬರೂ ಕೂತಿದ್ದು ಕಂಪ್ಯೂಟರ್ ಮುಂದೆ. ಇಬ್ಬರ ಹತ್ತಿರ ಇದ್ದಿದ್ದೂ ಒಂದೇ ಸೂತ್ರ. ಇವತ್ತಿನ ಕಥೆ ಇದೇ.

ಮೊದಲು ವಸ್ತುವಿನ ಪರಿಚಯ. ಹೆಸರು ಸಿ60. ಅರವತ್ತು ಇಂಗಾಲದ ಪರಮಾಣು ಸೇರಿ ಆದ ಒಂದು ಟೊಳ್ಳು ಚೆಂಡು. ಹಳೆ ಕಾಲದ ಕಪ್ಪು ಬಿಳುಪು ಫುಟ್‌ಬಾಲ್ ನೆನಪಿಸಿಕೊಳ್ಳಿ: 12 ಪಂಚಭುಜ, 20 ಷಡ್ಭುಜ. ಹೊಲಿಗೆಗಳು ಕೂಡೋ ಪ್ರತಿ ಮೂಲೆಯಲ್ಲೂ ಒಂದು ಇಂಗಾಲ ಇಡಿ, ಅಷ್ಟೇ, ಸಿ60 ರೆಡಿ. ಚೆಂಡಿನ ಅಗಲ ಸುಮಾರು 0.7 ನ್ಯಾನೋಮೀಟರ್. 1985ರಲ್ಲಿ ಅಮೆರಿಕದ ರೈಸ್ ವಿಶ್ವವಿದ್ಯಾಲಯದಲ್ಲಿ ಕ್ರೋಟೋ, ಕರ್ಲ್, ಸ್ಮಾಲಿ ಮತ್ತು ಅವರ ವಿದ್ಯಾರ್ಥಿಗಳು ಗ್ರಾಫೈಟಿಗೆ ಲೇಸರ್ ಹೊಡೆದಾಗ ಇದು ಕಾಣಿಸಿಕೊಂಡಿತು. ಗುಮ್ಮಟಗಳ ವಿನ್ಯಾಸಕ್ಕೆ ಹೆಸರಾದ ಬಕ್‌ಮಿನ್‌ಸ್ಟರ್ ಫುಲ್ಲರ್ ಹೆಸರು ಇಟ್ಟರು. ಈ ಜಾತಿಯ ಅಣುಗಳಿಗೆಲ್ಲ ಈಗ ಫುಲ್ಲರೀನ್ ಅಂತಾರೆ. 1996ರಲ್ಲಿ ಮೂವರಿಗೂ ನೊಬೆಲ್ ಬಂತು.

ನನ್ನ ಪ್ರಕಾರ ಈ ಕಥೆಗೆ ಅದಕ್ಕಿಂತ ಮುಖ್ಯವಾದ ವರ್ಷ 1990. ಆ ವರ್ಷ ಕ್ರೆಚ್‌ಮರ್ ಮತ್ತು ಹಫ್‌ಮನ್ ಗುಂಪು ಹೀಲಿಯಂ ಅನಿಲದೊಳಗೆ ಗ್ರಾಫೈಟ್ ಕಡ್ಡಿಗೆ ಕರೆಂಟ್ ಹಾಯಿಸಿ, ಬಂದ ಮಸಿಯಿಂದ ಸಿ60 ಬೇರ್ಪಡಿಸೋದು ಹೇಗೆ ಅಂತ ತೋರಿಸಿತು. ಹೌದು, ಮಸಿ. ಅಲ್ಲಿವರೆಗೆ ಉಪಕರಣದಲ್ಲಿ ಒಂದು ಗುರುತಾಗಿ ಮಾತ್ರ ಕಾಣ್ತಿದ್ದ ವಸ್ತು ಆಮೇಲೆ ಬಾಟಲಿಯಲ್ಲಿ ಪುಡಿಯಾಗಿ ಸಿಗೋಕೆ ಶುರುವಾಯ್ತು. ಜಗತ್ತಿನ ಲ್ಯಾಬುಗಳೆಲ್ಲ ಅದರ ಹಿಂದೆ ಬಿದ್ದವು. ನಮ್ಮ ಬೆಂಗಳೂರಿನ ಐಐಎಸ್‌ಸಿಯಲ್ಲಿ ಸಿ.ಎನ್.ಆರ್. ರಾವ್ ಅವರ ಗುಂಪು ಕೂಡ 90ರ ದಶಕದ ಶುರುವಲ್ಲೇ ಫುಲ್ಲರೀನ್ ಕೆಲಸಕ್ಕೆ ಇಳಿದಿತ್ತು.

ಗಟ್ಟಿ ಸಿ60 ಒಳಗೆ ಏನು ನಡೆಯುತ್ತೆ ಅನ್ನೋದೂ ಮಜಾ ಇದೆ. ಅಂಗಡಿಯಲ್ಲಿ ಕಿತ್ತಳೆ ಹಣ್ಣು ಜೋಡಿಸಿಟ್ಟ ಹಾಗೆ ಚೆಂಡುಗಳು ಸಾಲಾಗಿ ಕೂತಿರುತ್ತವೆ, ಆದ್ರೆ ಕೋಣೆಯ ಶಾಖದಲ್ಲಿ ಪ್ರತಿ ಚೆಂಡೂ ತನ್ನ ಜಾಗದಲ್ಲೇ ಗಿರಗಿರ ತಿರುಗ್ತಿರುತ್ತೆ. ಸುಮಾರು 260 ಕೆಲ್ವಿನ್‌ಗೆ, ಅಂದ್ರೆ ಸೊನ್ನೆ ಡಿಗ್ರಿಗಿಂತ ಹದಿಮೂರು ಡಿಗ್ರಿ ಕೆಳಗೆ ಇಳಿಸಿದ್ರೆ, ಆ ಬೇಕಾಬಿಟ್ಟಿ ತಿರುಗಾಟ ನಿಂತು ಒಂದು ಶಿಸ್ತಿಗೆ ಬರುತ್ತೆ. ತಣ್ಣಗೆ ಮಾಡಿದಾಗ ಏನಾಗುತ್ತೆ ಅನ್ನೋದನ್ನ ಹೀಗೆ ಪ್ರಯೋಗ ಮಾಡಿಯೇ ತಿಳ್ಕೊಂಡರು.

ಬಿಸಿ ಮಾಡಿದಾಗ? ಅಲ್ಲೇ ಸಮಸ್ಯೆ ಇರೋದು. ನಿರ್ವಾತದಲ್ಲಿ ಕಾಯಿಸಿದ್ರೆ ಸಿ60 ಕರ್ಪೂರದ ಹಾಗೆ ನೇರ ಆವಿಯಾಗುತ್ತೆ. ಇದನ್ನ ಶುದ್ಧ ಮಾಡೋದೇ ಹಾಗೆ. ಆವಿಯಾಗದಂತೆ ಮುಚ್ಚಿ ಇನ್ನೂ ಕಾಯಿಸ್ತಾ ಹೋದ್ರೆ, ಸುಮಾರು ಸಾವಿರ ಕೆಲ್ವಿನ್ ಆಸುಪಾಸಲ್ಲಿ ಗಟ್ಟಿ ಸಿ60 ನಿಧಾನವಾಗಿ ಹಾಳಾಗೋಕೆ ಶುರುವಾಗುತ್ತೆ. ಚೆಂಡುಗಳು ಒಡೆದು, ಒಂದಕ್ಕೊಂದು ಅಂಟಿ, ಕೊನೆಗೆ ಉಳಿಯೋದು ಆಕಾರ ಇಲ್ಲದ ಇಂಗಾಲ. ಮಸಿಯಿಂದ ಬಂದಿದ್ದು ಮತ್ತೆ ಹೆಚ್ಚುಕಡಿಮೆ ಮಸಿಗೇ ಹೋಯ್ತು ಅನ್ನಿ. ಹಾಗಾಗಿ "ಕರಗುತ್ತಾ ಇಲ್ವಾ" ಅಂತ ಒಲೆ ಹಚ್ಚಿ ನೋಡೋಕೆ ಆಗಲ್ಲ. ಅದಕ್ಕೇ ಕಂಪ್ಯೂಟರ್.

ಈಗ ಕಂಪ್ಯೂಟರಿಗೆ ಏನು ಕೊಡಬೇಕು? ಎರಡು ಚೆಂಡು ಇಷ್ಟು ದೂರ ಇದ್ರೆ ಎಷ್ಟು ಎಳೆಯುತ್ತವೆ, ಇಷ್ಟು ಹತ್ತಿರ ಬಂದ್ರೆ ಎಷ್ಟು ತಳ್ಳುತ್ತವೆ ಅನ್ನೋ ಒಂದು ಸೂತ್ರ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಲೂಯಿಸ್ ಜಿರಿಫಾಲ್ಕೋ 1992ರಲ್ಲಿ ಅದನ್ನ ಬರೆದರು. ಒಂದು ಚೆಂಡಲ್ಲಿ 60 ಪರಮಾಣು, ಇನ್ನೊಂದರಲ್ಲಿ 60. ಒಟ್ಟು 3,600 ಜೋಡಿ. ಪ್ರತಿ ಜೋಡಿಯ ಲೆಕ್ಕ ಹಾಕ್ತಾ ಕೂತ್ರೆ ಆಗಿನ ಕಂಪ್ಯೂಟರ್ ಸುಸ್ತಾಗುತ್ತೆ. ಅವರು ಮಾಡಿದ ಉಪಾಯ ಏನಂದ್ರೆ, ಚೆಂಡುಗಳು ಹೇಗಿದ್ರೂ ತಿರುಗ್ತಾನೇ ಇವೆ, ಅಂದ ಮೇಲೆ ಅರವತ್ತು ಪರಮಾಣುಗಳನ್ನ ಚೆಂಡಿನ ಮೈಮೇಲೆ ದೋಸೆಗೆ ಬೆಣ್ಣೆ ಸವರಿದ ಹಾಗೆ ಸಮನಾಗಿ ಸವರಿಬಿಡೋಣ. ಆಗ ಬೇಕಾಗೋದು ಒಂದೇ ಸಂಖ್ಯೆ, ಎರಡು ಚೆಂಡುಗಳ ಕೇಂದ್ರಗಳ ನಡುವಿನ ದೂರ. ಆ ದೂರ ಸುಮಾರು 1 ನ್ಯಾನೋಮೀಟರ್ ಇದ್ದಾಗ ಸೆಳೆತ ಅತಿ ಹೆಚ್ಚು.

ಈ ಸೂತ್ರದಲ್ಲಿ ಒಂದು ವಿಚಿತ್ರ ಇದೆ, ಇಡೀ ಜಗಳಕ್ಕೆ ಕಾರಣ ಅದೇ. ಸೆಳೆತ ಗಟ್ಟಿ, ಆದ್ರೆ ಕೈ ಗಿಡ್ಡ. ಚೆಂಡಿನ ಗಾತ್ರಕ್ಕೆ ಹೋಲಿಸಿದ್ರೆ ಸೆಳೆತ ತಲುಪೋ ದೂರ ತೀರಾ ಕಡಿಮೆ. ಹೆಚ್ಚುಕಡಿಮೆ ತಾಗಿಕೊಂಡಿದ್ರೆ ಬಿಡಿಸಲಾರದ ನಂಟು, ಸ್ವಲ್ಪ ಸರಿದ್ರೆ ಯಾರೋ ಏನೋ.

ನಾನು ಬಿ.ಕಾಂ ಓದಿದವಳು, ಇದು ನನಗೆ ಅರ್ಥ ಆಗಿದ್ದು ಬ್ಯಾಂಕ್ ಲೆಕ್ಕದಲ್ಲಿ. ಘನ ಅಂದ್ರೆ ಎಫ್‌ಡಿ. ಬಡ್ಡಿ ಚೆನ್ನಾಗಿದೆ, ಆದ್ರೆ ದುಡ್ಡು ಲಾಕ್. ಅನಿಲ ಅಂದ್ರೆ ಜೇಬಲ್ಲಿರೋ ನಗದು, ಬಡ್ಡಿ ಇಲ್ಲ, ಪೂರ್ತಿ ಸ್ವಾತಂತ್ರ್ಯ. ದ್ರವ ಅಂದ್ರೆ ಉಳಿತಾಯ ಖಾತೆ, ಸ್ವಲ್ಪ ಬಡ್ಡಿ, ಸ್ವಲ್ಪ ಸ್ವಾತಂತ್ರ್ಯ. ಅಣುಗಳಿಗೆ ಬಡ್ಡಿ ಅಂದ್ರೆ ಪಕ್ಕದವರ ಜೊತೆಗಿನ ಸೆಳೆತ. ಸ್ವಾತಂತ್ರ್ಯಕ್ಕೆ ವಿಜ್ಞಾನಿಗಳು ಎಂಟ್ರೋಪಿ ಅಂತಾರೆ. ಉಷ್ಣಾಂಶ ಹೆಚ್ಚಾದಷ್ಟೂ ಸ್ವಾತಂತ್ರ್ಯದ ಬೆಲೆ ಜಾಸ್ತಿ. ಇವೆರಡನ್ನೂ ಸೇರಿಸಿ ತೆಗೆದ ನಿವ್ವಳ ಲೆಕ್ಕವೇ ಮುಕ್ತ ಶಕ್ತಿ, ಫ್ರೀ ಎನರ್ಜಿ. ಯಾವ ಖಾತೆಯಲ್ಲಿ ಆ ಲೆಕ್ಕ ಅತಿ ಕಡಿಮೆ ಬರುತ್ತೋ, ವಸ್ತು ಅಲ್ಲಿಗೆ ಹೋಗುತ್ತೆ.

ಆರ್ಗಾನ್ ಥರದ ಸಣ್ಣ ಪರಮಾಣುವಿಗೆ ಸೆಳೆತದ ಕೈ ತನ್ನ ಗಾತ್ರಕ್ಕೆ ತಕ್ಕಷ್ಟು ಉದ್ದ ಇದೆ. ಪಕ್ಕದವರು ಸ್ವಲ್ಪ ಸಡಿಲವಾಗಿ ನಿಂತ್ರೂ ಬಡ್ಡಿ ಬರ್ತಾ ಇರುತ್ತೆ, ಹಾಗಾಗಿ ದ್ರವ ಲಾಭದಾಯಕ. ಸಿ60ಗೆ ಹಾಗಲ್ಲ. ದ್ರವದಲ್ಲಿ ಅಣುಗಳು ಓಡಾಡೋಕೆ ಸಡಿಲ ಬೇಕು, ಸಡಿಲ ಆದ ತಕ್ಷಣ ಬಡ್ಡಿ ಬಿದ್ದುಹೋಗುತ್ತೆ. ಹೀಗಿರುವಾಗ ಉಳಿತಾಯ ಖಾತೆ ಯಾರಿಗೆ ಬೇಕು? ಒಂದೋ ಎಫ್‌ಡಿ, ಇಲ್ಲಾ ನಗದು. ದ್ರವ ಇಲ್ಲದ ವಸ್ತು ಇರಬಹುದು ಅನ್ನೋ ಅನುಮಾನ ಹುಟ್ಟಿದ್ದು ಇಲ್ಲಿಂದ.

ಸಿಮ್ಯುಲೇಷನ್ ಅಂದ್ರೆ ದೊಡ್ಡ ಬಣ್ಣಬಣ್ಣದ ಅನಿಮೇಷನ್ ಅಂದ್ಕೋಬೇಡಿ. ಒಂದು ಪೆಟ್ಟಿಗೆ, ಅದರೊಳಗೆ ಕೆಲವು ನೂರು ಚೆಂಡು, ಹೆಚ್ಚೆಂದ್ರೆ ಕೆಲವು ಸಾವಿರ. ಗೋಡೆ ಇಲ್ಲ. ಹಳೇ ನೋಕಿಯಾ ಫೋನಿನ ಸ್ನೇಕ್ ಆಟದಲ್ಲಿ ಹಾವು ಬಲಗಡೆ ಹೊರಗೆ ಹೋಗಿ ಎಡಗಡೆಯಿಂದ ಒಳಗೆ ಬರ್ತಿತ್ತಲ್ಲ, ಹಾಗೇ. ಸಣ್ಣ ಪೆಟ್ಟಿಗೆಯೇ ಕೊನೆಯಿಲ್ಲದ ವಸ್ತುವಿನ ಹಾಗೆ ವರ್ತಿಸಲಿ ಅಂತ ಈ ಉಪಾಯ.

ಇದರಲ್ಲಿ ಎರಡು ದಾರಿ. ಒಂದು, ನ್ಯೂಟನ್ನನ ನಿಯಮ ಹಿಡಿದು ಪ್ರತಿ ಚೆಂಡೂ ಮುಂದಿನ ಕ್ಷಣ ಎಲ್ಲಿರುತ್ತೆ ಅಂತ ಹೆಜ್ಜೆ ಹೆಜ್ಜೆಗೂ ಲೆಕ್ಕ ಹಾಕೋದು, ಅದು ಮಾಲಿಕ್ಯುಲರ್ ಡೈನಾಮಿಕ್ಸ್. ಇನ್ನೊಂದು ಮಾಂಟೆ ಕಾರ್ಲೋ. ಹೆಸರು ಜೂಜುಕಟ್ಟೆಗೆ ಹೆಸರಾದ ಊರಿಂದಲೇ ಬಂದಿದ್ದು. ಒಂದು ಚೆಂಡನ್ನ ಬೇಕಾಬಿಟ್ಟಿ ಆರಿಸಿ ಸ್ವಲ್ಪ ಸರಿಸಿ ನೋಡು. ಶಕ್ತಿ ಕಡಿಮೆ ಆಯ್ತಾ? ಒಪ್ಪಿಕೋ. ಜಾಸ್ತಿ ಆಯ್ತಾ? ಒಂದು ದಾಳ ಉರುಳಿಸು, ಉಷ್ಣಾಂಶ ಹೆಚ್ಚಿದ್ದಷ್ಟೂ ಒಪ್ಪಿಕೊಳ್ಳೋ ಸಾಧ್ಯತೆ ಹೆಚ್ಚು. 1953ರಲ್ಲಿ ಮೆಟ್ರೊಪೊಲಿಸ್ ಮತ್ತು ಸಂಗಡಿಗರು ಪ್ರಕಟಿಸಿದ ನಿಯಮ ಇದು. ಹೀಗೆ ಲಕ್ಷಾಂತರ ಸಲ ಮಾಡ್ತಾ ಹೋದ್ರೆ, ಆ ಉಷ್ಣಾಂಶದಲ್ಲಿ ವಸ್ತು ಹೇಗಿರುತ್ತೋ ಪೆಟ್ಟಿಗೆಯೂ ಹಾಗೇ ಆಗುತ್ತೆ.

ಕಷ್ಟ ಇರೋದು ಆಮೇಲೆ. ಪೆಟ್ಟಿಗೆಯಲ್ಲಿ ಚೆಂಡುಗಳು ಸಾಲಾಗಿ ಕೂತಿವೆ ಅಂದ ಮಾತ್ರಕ್ಕೆ ಘನವೇ ನಿಜವಾದ ವಿಜೇತ ಅಂತಲ್ಲ. ಸೋಮಾರಿತನಕ್ಕೆ ಅಲ್ಲೇ ಕೂತಿರಬಹುದು. ಎರಡೂ ಕಡೆಯ ಮುಕ್ತ ಶಕ್ತಿ ಬೇರೆಬೇರೆ ತೆಗೆದು ಹೋಲಿಸಲೇಬೇಕು. ಅದನ್ನ ನೇರವಾಗಿ ಅಳೆಯೋಕೆ ಆಗಲ್ಲ. ಇದಕ್ಕೆ ವಿಡಮ್ ಅನ್ನೋರ ಒಂದು ಉಪಾಯ ಇದೆ, ನನಗೆ ತುಂಬಾ ಇಷ್ಟ. ತುಂಬಿದ ಬಸ್ಸು ಅಂದ್ಕೊಳ್ಳಿ. ಒಬ್ಬ ದೆವ್ವದ ಪ್ರಯಾಣಿಕನನ್ನ ಎಲ್ಲೋ ಒಂದು ಕಡೆ ನಿಲ್ಲಿಸಿ "ಜಾಗ ಇದೆಯಾ, ಎಷ್ಟು ಇಕ್ಕಟ್ಟಾಗುತ್ತೆ" ಅಂತ ನೋಡಿ ಇಳಿಸಿಬಿಡೋದು. ಬಸ್ಸಿನಲ್ಲಿದ್ದವರಿಗೆ ಗೊತ್ತೇ ಆಗಲ್ಲ. ಸಾವಿರಾರು ಸಲ ಮಾಡಿದ್ರೆ ಇನ್ನೊಂದು ಅಣು ಸೇರಿಸೋಕೆ ಬೀಳೋ ಖರ್ಚು ಎಷ್ಟು ಅನ್ನೋ ಸರಾಸರಿ ಸಿಗುತ್ತೆ. ಅನಿಲಕ್ಕೆ, ದ್ರವಕ್ಕೆ ಇದು ನಡೆಯುತ್ತೆ. ಗಟ್ಟಿ ವಸ್ತುವಿನಲ್ಲಿ ದೆವ್ವಕ್ಕೂ ನಿಲ್ಲೋಕೆ ಜಾಗ ಸಿಗಲ್ಲ. ಅಲ್ಲಿಗೆ ಬೇರೆ ದಾರಿ: ಪ್ರತಿ ಚೆಂಡನ್ನೂ ಅದರ ಜಾಗಕ್ಕೆ ಸ್ಪ್ರಿಂಗಿನಿಂದ ಕಟ್ಟಿದ ಒಂದು ಸರಳ ಹರಳಿನಿಂದ ಶುರು ಮಾಡಿ, ಅದರ ಮುಕ್ತ ಶಕ್ತಿ ಕಾಗದದ ಮೇಲೇ ಲೆಕ್ಕ ಹಾಕಬಹುದು, ಅಲ್ಲಿಂದ ಸ್ಪ್ರಿಂಗನ್ನ ಸ್ವಲ್ಪ ಸ್ವಲ್ಪ ಸಡಿಲಿಸ್ತಾ ನಿಜವಾದ ಹರಳಿಗೆ ಬರೋದು. ಈ ವಿಧಾನವನ್ನ 1984ರಲ್ಲಿ ಫ್ರೆಂಕೆಲ್ ಮತ್ತು ಲ್ಯಾಡ್ ಕೊಟ್ಟರು.

ಆ ಫ್ರೆಂಕೆಲ್ ಹೆಸರು ನೆನಪಿಟ್ಕೊಳ್ಳಿ. 1993ರಲ್ಲಿ ನೆದರ್‌ಲ್ಯಾಂಡ್ಸಿನ ಹಾಗೆನ್, ಮೈಯರ್, ಮೋಯ್, ಫ್ರೆಂಕೆಲ್, ಲೆಕರ್ಕರ್ಕರ್ ಐವರು ಸೇರಿ ನೇಚರ್ ಪತ್ರಿಕೆಯಲ್ಲಿ ಒಂದು ಬರಹ ಪ್ರಕಟಿಸಿದರು. ಶೀರ್ಷಿಕೆಯೇ ಪ್ರಶ್ನೆ: ಸಿ60ಗೆ ದ್ರವಾವಸ್ಥೆ ಇದೆಯೇ? ಜಿರಿಫಾಲ್ಕೋ ಸೂತ್ರ ಹಾಕಿ, ಮುಕ್ತ ಶಕ್ತಿಯ ಪೂರ್ತಿ ಲೆಕ್ಕ ತೆಗೆದು ಅವರು ಕೊಟ್ಟ ಉತ್ತರ, ಇಲ್ಲ. ದ್ರವ ಮತ್ತು ಅನಿಲ ಬೇರೆಬೇರೆ ಆಗೋ ಉಷ್ಣಾಂಶಕ್ಕೆ ಇಳಿಯೋ ಮೊದಲೇ ಘನ ಆ ಜಾಗ ಹಿಡಿದುಬಿಟ್ಟಿರುತ್ತೆ ಅಂತ.

ಇತ್ತ ಅಮೆರಿಕದ ಚೆಂಗ್ ಮತ್ತು ಕ್ಲೈನ್, ಇಟಲಿಯ ಕಕ್ಕಾಮೋ ಮೂವರು ಮಾಲಿಕ್ಯುಲರ್ ಡೈನಾಮಿಕ್ಸ್ ಮತ್ತು ಕಾಗದದ ಮೇಲಿನ ಸಿದ್ಧಾಂತ ಎರಡನ್ನೂ ಬಳಸಿ, ಅದೇ ಸೂತ್ರಕ್ಕೆ, ಸುಮಾರು 1,800 ಕೆಲ್ವಿನ್‌ಗಿಂತ ಮೇಲೆ ದ್ರವ ಇದೆ ಅಂದರು. ಅವರ ಬರಹ ಬಂದಿದ್ದು ಫಿಸಿಕಲ್ ರಿವ್ಯೂ ಲೆಟರ್ಸ್‌ನಲ್ಲಿ. ಎರಡೂ ಸಣ್ಣಪುಟ್ಟ ಪತ್ರಿಕೆಗಳಲ್ಲ ಮತ್ತೆ.

ಒಂದೇ ಕಂಪನಿಯ ಒಂದೇ ವರ್ಷದ ಲೆಕ್ಕಕ್ಕೆ ಇಬ್ಬರು ಆಡಿಟರ್, ಒಬ್ಬರು ಲಾಭ ಅಂತಾರೆ, ಇನ್ನೊಬ್ಬರು ನಷ್ಟ ಅಂತಾರೆ. ಹೇಗೆ ಸಾಧ್ಯ? ಬಿ.ಕಾಂ ಮೊದಲ ವರ್ಷದ ಬ್ರೇಕ್ ಈವನ್ ಚಾರ್ಟ್ ನೆನಪು ಮಾಡಿಕೊಳ್ಳಿ. ಖರ್ಚಿನ ಗೆರೆ, ಆದಾಯದ ಗೆರೆ, ಎರಡೂ ಎಲ್ಲಿ ಕತ್ತರಿಸುತ್ತವೋ ಅದು ಬ್ರೇಕ್ ಈವನ್. ಗೆರೆಗಳು ಚೆನ್ನಾಗಿ ಓರೆಯಾಗಿದ್ರೆ ಪೆನ್ಸಿಲ್ ಸ್ವಲ್ಪ ಜಾರಿದ್ರೂ ತೊಂದರೆ ಇಲ್ಲ. ಆದ್ರೆ ಎರಡೂ ಗೆರೆ ಹೆಚ್ಚುಕಡಿಮೆ ಒಂದರ ಪಕ್ಕ ಒಂದು ಸಾಗ್ತಿದ್ರೆ, ಕೂದಲೆಳೆಯಷ್ಟು ಜಾರಿದ್ರೂ ಕತ್ತರಿಸೋ ಜಾಗ ಎಲ್ಲೆಲ್ಲಿಗೋ ಹೋಗುತ್ತೆ, ಅಥವಾ ಕತ್ತರಿಸದೆಯೂ ಇರಬಹುದು. ಸಿ60ದು ಅಂಥ ಪರಿಸ್ಥಿತಿ. ಪೆಟ್ಟಿಗೆಯಲ್ಲಿ ಎಷ್ಟು ಚೆಂಡು, ಎಷ್ಟು ದೂರದ ನಂತರ ಸೆಳೆತ ಲೆಕ್ಕಕ್ಕೆ ತಗೋಳೋದು ಬಿಟ್ಟೆವು, ಇಂಥ ಚಿಕ್ಕ ಚಿಕ್ಕ ಆಯ್ಕೆಗಳೂ ಉತ್ತರವನ್ನ ಅತ್ತಿತ್ತ ಮಾಡೋಷ್ಟು ತೂಕದವು.

ಜಗಳ ತಣ್ಣಗಾಗೋಕೆ ಹತ್ತು ವರ್ಷ ಹಿಡೀತು. 1999ರಲ್ಲಿ ಜಪಾನಿನ ಹಸೆಗಾವಾ ಮತ್ತು ಓನೋ ಮತ್ತೆ ಲೆಕ್ಕ ಹಾಕಿ ದ್ರವ ಇದೆ ಅಂದರು. 2003ರಲ್ಲಿ ಇಟಲಿಯ ಕೋಸ್ಟಾ, ಪೆಲ್ಲಿಕಾನೆ, ಅಬ್ರಾಮೋ, ಕಕ್ಕಾಮೋ ಸೇರಿ, ನಾನು ಹೇಳಿದ ದೆವ್ವದ ಪ್ರಯಾಣಿಕ, ಸ್ಪ್ರಿಂಗಿನ ಹರಳು ಎರಡನ್ನೂ ಬಳಸಿ, ಪೆಟ್ಟಿಗೆಯ ಗಾತ್ರ ಬದಲಿಸಿ ಬದಲಿಸಿ ನೋಡಿ, ಇಡೀ ನಕ್ಷೆಯನ್ನ ತೆಗೆದರು. ದ್ರವ ಇದೆ. ಆದ್ರೆ ಎಷ್ಟು? 1,900 ಕೆಲ್ವಿನ್ ಆಜುಬಾಜು, ಕೆಲವೇ ಹತ್ತು ಡಿಗ್ರಿಗಳ ಒಂದು ಪುಟ್ಟ ಸಂದು. ಹೋಲಿಕೆಗೆ ಆರ್ಗಾನ್ ತಗೊಳ್ಳಿ. ಅದರ ದ್ರವ ಸುಮಾರು 84 ಕೆಲ್ವಿನ್‌ನಿಂದ 151 ಕೆಲ್ವಿನ್ ತನಕ ಇರುತ್ತೆ, ಅಂದ್ರೆ ಶುರುವಾದ ಉಷ್ಣಾಂಶದ ಹೆಚ್ಚುಕಡಿಮೆ ಎರಡು ಪಟ್ಟಿನ ತನಕ. ಸಿ60ಗೆ ಆ ಜಾಗ ನೂರಕ್ಕೆ ಮೂರ್ನಾಲ್ಕು ಪಾಲು ಅಷ್ಟೇ. ಬಾಗಿಲು ಇದೆ, ಒಬ್ಬರು ಅಡ್ಡಡ್ಡ ನುಗ್ಗಬಹುದು.

ಹಾಗಾದ್ರೆ ನೇಚರ್ ಬರಹ ತಪ್ಪಾ? "ಇಲ್ಲ" ಅನ್ನೋ ಉತ್ತರ ನಿಲ್ಲಲಿಲ್ಲ, ನಿಜ. ಆದ್ರೆ ಸಿ60 ದ್ರವ ಇರೋ ವಸ್ತುಗಳ ಕಟ್ಟಕಡೆಯ ಗಡಿಯಲ್ಲಿ ನಿಂತಿದೆ ಅನ್ನೋ ಅವರ ಒಳನೋಟ ಸರಿಯಾಗೇ ಇತ್ತು. ನನ್ನನ್ನ ಕೇಳಿದ್ರೆ, ಸೆಳೆತದ ಕೈ ಎಷ್ಟು ಉದ್ದ ಇದ್ರೆ ದ್ರವ ಇರುತ್ತೆ ಅಂತ ಜನ ಗಂಭೀರವಾಗಿ ಯೋಚಿಸೋ ಹಾಗೆ ಮಾಡಿದ್ದಕ್ಕೆ ಆ ಬರಹಕ್ಕೆ ಹೆಚ್ಚು ಅಂಕ ಕೊಡ್ತೀನಿ.

ಇಲ್ಲಿ ಇನ್ನೊಂದು ವಿಷಯ ಹೇಳಲೇಬೇಕು, ಯಾಕಂದ್ರೆ "ಕಂಪ್ಯೂಟರ್ ಸಾಬೀತು ಮಾಡಿತು" ಅನ್ನೋ ಹೆಡ್‌ಲೈನ್ ನಾವು ದಿನಾ ನೋಡ್ತೀವಿ. ಈ ಹತ್ತು ವರ್ಷದ ಜಗಳ ಇತ್ಯರ್ಥ ಮಾಡಿದ್ದು ಜಿರಿಫಾಲ್ಕೋ ಸೂತ್ರಕ್ಕೆ ದ್ರವ ಇದೆಯಾ ಅನ್ನೋದನ್ನ. ಬಾಟಲಿಯಲ್ಲಿರೋ ಸಿ60ಗೆ ಇದೆಯಾ ಅನ್ನೋದು ಬೇರೆಯೇ ಪ್ರಶ್ನೆ. 1997ರಲ್ಲಿ ಪಾಚೆಕೋ ಮತ್ತು ರಾಮಾಲ್ಯೋ ಅಣುಗಳ ಸೆಳೆತವನ್ನ ಮೂಲ ಕ್ವಾಂಟಮ್ ಲೆಕ್ಕದಿಂದಲೇ ತೆಗೆದು ಇನ್ನೊಂದು ಸೂತ್ರ ಬರೆದರು. ಅದನ್ನ ಹಾಕಿದ್ರೆ ದ್ರವದ ಜಾಗ ಇನ್ನೂ ಅಗಲ ಆಗುತ್ತೆ. ಸೂತ್ರ ಬದಲಾದ್ರೆ ನಕ್ಷೆ ಬದಲಾಗುತ್ತೆ.

ಮತ್ತೆ, ಕಂಪ್ಯೂಟರಿನ ಚೆಂಡು ಒಡೆಯಲ್ಲ. ಸೂತ್ರದಲ್ಲಿ ಒಡೆಯೋದು ಅನ್ನೋದೇ ಇಲ್ಲ. ನಿಜವಾದ ಚೆಂಡು ಒಡೆಯುತ್ತೆ. 1,900 ಕೆಲ್ವಿನ್ ಅಂದ್ರೆ ಕಬ್ಬಿಣ ಕರಗಿ ನೀರಾಗೋದಕ್ಕಿಂತ ಹೆಚ್ಚು ಬಿಸಿ. 1994ರಲ್ಲಿ ಸಿ60 ಅಣುಗಳನ್ನ ಒಂದಕ್ಕೊಂದು ತಾಗದಂತೆ ಹಾರಿಸಿ 2,000 ಕೆಲ್ವಿನ್ ಹತ್ತಿರದ ತನಕ ಕಾಯಿಸಿ ನೋಡಿದ ಪ್ರಯೋಗ ಇದೆ. ಅಷ್ಟು ಬಿಸಿಯಲ್ಲಿ ಒಂಟಿ ಅಣುವಿನ ಆಯಸ್ಸು ಮಿಲಿಸೆಕೆಂಡುಗಳ ಲೆಕ್ಕ. ನಮಗೆ ಕಣ್ಣು ಮಿಟುಕಿಸೋದಕ್ಕೂ ಸಾಲದು, ಆದ್ರೆ ಅಣುವಿನ ಕಣ್ಣಲ್ಲಿ ಮಿಲಿಸೆಕೆಂಡ್ ಅಂದ್ರೆ ಯುಗ. ಈ ಥರದ ಸಿಮ್ಯುಲೇಷನ್ನುಗಳು ಸಾಮಾನ್ಯವಾಗಿ ಅದಕ್ಕಿಂತ ಎಷ್ಟೋ ಪಾಲು ಚಿಕ್ಕ ಅವಧಿಯನ್ನ ಮಾತ್ರ ನೋಡ್ತವೆ.

"ಸರಿ ಅಕ್ಕಾ, ಯಾರೂ ನೋಡದ ಒಂದು ದ್ರವ ಇದ್ರೇನು ಬಿಟ್ರೇನು" ಅಂತ ಕಮೆಂಟ್ ಬರುತ್ತೆ ಅಂತ ಗೊತ್ತು. ನಮ್ಮ ಅಜ್ಜಿಗೆ ಕಣ್ಣಿನ ಪೊರೆ ಆಪರೇಷನ್ ಆಗಿದೆ, ನಿಮ್ಮ ಮನೆಯಲ್ಲೂ ಯಾರಿಗಾದ್ರೂ ಆಗಿರುತ್ತೆ. ಕಣ್ಣಿನ ಮಸೂರದ ತುಂಬ ಕ್ರಿಸ್ಟಲಿನ್ ಅನ್ನೋ ಪ್ರೋಟೀನುಗಳು ಒತ್ತೊತ್ತಾಗಿ ತುಂಬಿರುತ್ತವೆ. ಅದರಲ್ಲಿ ಗಾಮಾ ಅನ್ನೋ ಬಗೆಯದ್ದು ಸಿ60 ಥರವೇ: ಮೈ ದೊಡ್ಡದು, ಸೆಳೆತದ ಕೈ ಗಿಡ್ಡ. ಎಂಐಟಿಯ ಜಾರ್ಜ್ ಬೆನೆಡೆಕ್ ಮತ್ತು ಸಂಗಡಿಗರು ಇದರ ದ್ರಾವಣದ ನಕ್ಷೆ ತೆಗೆದಾಗ ಕಂಡಿದ್ದು ನಮಗೀಗ ಪರಿಚಯ ಇರೋ ಚಿತ್ರವೇ. ದ್ರಾವಣ ಎರಡು ದ್ರವಗಳಾಗಿ, ಒಂದು ದಟ್ಟ, ಒಂದು ತೆಳು, ಬೇರೆಯಾಗೋ ಗೆರೆ ಹರಳಾಗೋ ಗೆರೆಯ ಕೆಳಗೆ ಅಡಗಿ ಕೂತಿದೆ. ಲೆಕ್ಕದ ಪ್ರಕಾರ ಗೆಲ್ಲಬೇಕಾದ್ದು ಹರಳು. ಆದ್ರೆ ಹರಳು ಕಟ್ಟೋಕೆ ಸಮಯ ಬೇಕು, ಅಷ್ಟರಲ್ಲಿ ಆ ಅಡಗಿದ್ದ ದ್ರವ ತಾತ್ಕಾಲಿಕವಾಗಿ ಕಾಣಿಸಿಕೊಳ್ಳುತ್ತೆ. ಸಣ್ಣ ಸಣ್ಣ ದಟ್ಟ ಹನಿಗಳು ಹುಟ್ಟಿ ಬೆಳಕು ಚದುರುತ್ತೆ, ಮಸೂರ ಮಂಜಾಗುತ್ತೆ. ಮನುಷ್ಯರಿಗೆ ಬರೋ ಪೊರೆಗೆಲ್ಲ ಇದೊಂದೇ ಕಾರಣ ಅಲ್ಲ, ವಯಸ್ಸಿನ ಜೊತೆ ಪ್ರೋಟೀನೇ ಕೆಡೋದು ಸೇರಿ ಹಲವು ಇವೆ. ಆದ್ರೆ ಕರುವಿನ ಕಣ್ಣಿನ ಮಸೂರವನ್ನ ತಣ್ಣಗೆ ಮಾಡಿದ್ರೆ ಅದು ಹೀಗೇ ಬೆಳ್ಳಗಾಗುತ್ತೆ, ಮತ್ತೆ ಬೆಚ್ಚಗೆ ಮಾಡಿದ್ರೆ ತಿಳಿಯಾಗುತ್ತೆ. ಸಿ60ನಲ್ಲಿ ನೋಡೋಕೆ ಸಿಗದ ಆಟವನ್ನ ಇಲ್ಲಿ ಬರಿಗಣ್ಣಲ್ಲೇ ನೋಡಬಹುದು.

ಔಷಧ ಕಂಡುಹಿಡಿಯೋರಿಗೂ ಇದು ಬೇಕು. ಪ್ರೋಟೀನಿನ ಆಕಾರ ತಿಳಿಯೋಕೆ ಎಷ್ಟೋ ಸಲ ಅದನ್ನ ಹರಳು ಮಾಡಬೇಕಾಗುತ್ತೆ, ಅದೊಂದು ದೊಡ್ಡ ತಲೆನೋವು. 1997ರಲ್ಲಿ ಟೆನ್ ವೋಲ್ಡೆ ಜೊತೆ ಸೇರಿ ಅದೇ ಫ್ರೆಂಕೆಲ್ ಸೈನ್ಸ್ ಪತ್ರಿಕೆಯಲ್ಲಿ ಇನ್ನೊಂದು ಸಿಮ್ಯುಲೇಷನ್ ತೋರಿಸಿದರು. ಆ ಅಡಗಿರೋ ದ್ರವದ ಗೆರೆಯ ತುದಿ ಇದೆಯಲ್ಲ, ಅದರ ಹತ್ತಿರ ಮೊದಲು ಒಂದು ದಟ್ಟ ಹನಿ ಆಗುತ್ತೆ, ಅದರೊಳಗೆ ಹರಳು ಹುಟ್ಟುತ್ತೆ, ನೇರವಾಗಿ ಹುಟ್ಟೋದಕ್ಕಿಂತ ಎಷ್ಟೋ ಬೇಗ. ಪೂರ್ತಿ ಬೆಳೆಯೋಕೆ ಅವಕಾಶ ಸಿಗದ ದ್ರವ ಹರಳಿಗೆ ಸೂಲಗಿತ್ತಿ ಆಯ್ತು.

ಇಲ್ಲಿಗೆ ಈ ಸಂಚಿಕೆ ಮುಗೀತು. ದೆವ್ವದ ಪ್ರಯಾಣಿಕನ ಲೆಕ್ಕ ನೀವೇ ಮಾಡಿ ನೋಡ್ಬೇಕು ಅಂದ್ರೆ ಪೈಥಾನ್ ಬರೋ ಒಬ್ಬ ಫ್ರೆಂಡ್ ಸಾಕು, ನೂರು ಚೆಂಡಿನ ಪೆಟ್ಟಿಗೆ ಸಾಮಾನ್ಯ ಲ್ಯಾಪ್‌ಟಾಪಲ್ಲೇ ಓಡುತ್ತೆ. ಮಾಡಿದ್ರೆ ನನಗೂ ಕಳಿಸಿ. ಮುಂದಿನ ವಾರ ಸಿಗೋಣ.